ಡಬ್ಬ ಚೆನ್ನಾಗಿದೆ, ಗಾಳಿ ಸಾಲುವುದಿಲ್ಲ: ಮನೆ ಶೆಡ್ಡಿಗೆ ಬ್ಲಾಸ್ಟಿಂಗ್ ಕ್ಯಾಬಿನೆಟ್

ಎಂಟು ತಿಂಗಳ ಹಿಂದೆ 90 ಲೀಟರಿನ ಒಂದು ಬ್ಲಾಸ್ಟಿಂಗ್ ಕ್ಯಾಬಿನೆಟ್ ತೆಗೆದುಕೊಂಡೆ, ಮೇಜಿನ ಮೇಲೆ ಇಡುವಂಥದ್ದು. ಒಳಗೆ ಪಾರ್ಟ್ ಇಟ್ಟು, ಗಾಳಿಯ ರಭಸದಲ್ಲಿ ಸಣ್ಣ ಕಾಳುಗಳನ್ನು ಗನ್ನಿನಿಂದ ಹೊಡೆದು ತುಕ್ಕು, ಕೊಳೆ ಕೀಳುವ ಡಬ್ಬ ಇದು. ಹಿತ್ತಲ ಶೆಡ್ಡಿನಲ್ಲಿ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಬಿಚ್ಚಿ ಹರಡಿಕೊಂಡು ಕೂತಿದ್ದೇನೆ. ಮೈಸೂರಿನವನಾಗಿ ಮೈಸೂರಿನ ಗಾಡಿಗೆ ತುಕ್ಕು ಹಿಡಿಯಲು ಬಿಡುವುದು ಹೇಗೆ ಅಲ್ವಾ? ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಹಾಗಾಗಿ ಹಳೇ ಪಾರ್ಟ್ಸೇ ಗತಿ. ಒಂದೇ ಒಂದು ಬ್ರೇಕ್ ಪ್ಲೇಟನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಇಡೀ ಭಾನುವಾರ ಕಳೆದ ಮೇಲೆ ಇದನ್ನು ಕೊಂಡೆ.

ಅಂಗಡಿಯವರ ಹೆಸರು ಬೇಡ. "ನಿಮ್ಮ 2 ಎಚ್‌ಪಿ ಕಂಪ್ರೆಸರ್ ಧಾರಾಳ ಸಾಕು ಸರ್" ಅಂದರು. ಸಾಲುವುದಿಲ್ಲ. ಇದೊಂದು ಮಾತು ಹೇಳೋಣ ಅಂತಲೇ ಇಷ್ಟೆಲ್ಲ ಬರೆಯುತ್ತಿರುವುದು.

ಕ್ಯಾಬಿನೆಟ್ ಅಂದರೆ ಗಾಜು, ಗ್ಲೌಸು, ಲೈಟು ಇರುವ ಒಂದು ಡಬ್ಬ, ಅಷ್ಟೇ. ಕೆಲಸ ಮಾಡುವುದು ಕಂಪ್ರೆಸರ್ ಒತ್ತಿ ಕೊಡುವ ಗಾಳಿ. ಕಂಪ್ರೆಸರ್ ಮೇಲೆ ಬರೆದಿರುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವುದು) ಸಾಮಾನ್ಯವಾಗಿ ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕದ್ದು, ಪೈಪಿನಿಂದ ನಿಜವಾಗಿ ಹೊರಬರುವುದು ಅದರ ಮುಕ್ಕಾಲು ಭಾಗಕ್ಕಿಂತ ಕಡಿಮೆ. ನನ್ನದರಲ್ಲಿ 7 ಅಂತ ಬರೆದಿದೆ, ಸಿಗುವುದು 5ರ ಆಸುಪಾಸು. ಈ ಗನ್ 80 ಪಿಎಸ್‌ಐ ಒತ್ತಡದಲ್ಲಿ ಕೇಳುವುದು ಅದರ ಎರಡರಷ್ಟು. 50 ಲೀಟರ್ ಟ್ಯಾಂಕು ಒಂದು ನಿಮಿಷದೊಳಗೆ ಸುಸ್ತಾಗುತ್ತದೆ, ಆಮೇಲೆ ಗನ್ ಸುಮ್ನೆ ಉಸ್ ಅನ್ನುತ್ತದೆ. ನಿಂತು ಕಾಯಬೇಕು, ಮತ್ತೆ ಹೊಡೆಯಬೇಕು. ಹೀಗೆ ಬಿಡುವಿಲ್ಲದೆ ಓಡಿ ಕಂಪ್ರೆಸರ್ ಕಾದರೆ ಗಾಳಿಯ ಜೊತೆ ತೇವವೂ ಜಾಸ್ತಿ ಬರುತ್ತದೆ. ಜೂನ್ ತಿಂಗಳಲ್ಲಿ ತಳದಲ್ಲಿದ್ದ ಗ್ಲಾಸ್ ಬೀಡ್ (ಹೊಡೆಯಲು ತುಂಬುವ ಸಣ್ಣ ಗಾಜಿನ ಕಾಳು) ಮಳೆಗಾಲದ ಉಪ್ಪಿನ ಹಾಗೆ ಗಟ್ಟಿಯಾಗಿ ಪೈಪಿಗೆ ಏರಲೇ ಇಲ್ಲ. ಟ್ರೇಯಲ್ಲಿ ಹರಡಿ ಬಿಸಿಲು ಬಂದ ದಿನ ಒಣಗಿಸಿದೆ, ಹಪ್ಪಳದ ಥರ. ಈಗ ಕಂಪ್ರೆಸರಿನಿಂದ ಉದ್ದದ ಪೈಪು ಎಳೆದು, ಗಾಳಿ ತಣ್ಣಗಾದ ಮೇಲೆ, ಗನ್ನಿಗೆ ಹತ್ತಿರ ವಾಟರ್ ಸೆಪರೇಟರ್ ಹಾಕಿದ್ದೇನೆ. ಕಂಪ್ರೆಸರ್ ಬಾಯಿಗೇ ಹಾಕಿದರೆ ಪ್ರಯೋಜನ ಕಡಿಮೆ, ಬಿಸಿ ಗಾಳಿಯಲ್ಲಿ ನೀರು ಆವಿಯಾಗಿಯೇ ದಾಟಿಬಿಡುತ್ತದೆ. ದುಡ್ಡಿದ್ದರೆ ಮೊದಲು 3 ಎಚ್‌ಪಿ ಅಥವಾ ಅದಕ್ಕಿಂತ ದೊಡ್ಡ ಕಂಪ್ರೆಸರ್ ತೆಗೆದುಕೊಳ್ಳಿ, ಡಬ್ಬ ಆಮೇಲೆ. ಇಲ್ಲವೇ ನನ್ನ ಹಾಗೆ ಗನ್ನಿನ ಗಾಳಿ ಜೆಟ್ಟನ್ನು (ಗಾಳಿ ಬರುವ ತೂತನ್ನು) ಚಿಕ್ಕದು ಮಾಡಿ ನಿಧಾನಕ್ಕೆ ಕೆಲಸ ಮಾಡಿ.

ಇನ್ನು ಡಬ್ಬದ ವಿಷಯ. ತಗಡು ಪರವಾಗಿಲ್ಲ, ಗ್ಲೌಸು ಗಟ್ಟಿ. ಆದರೆ ಮುಚ್ಚಳ ಮೇಲಿನಿಂದ ತೆರೆಯುತ್ತದೆ, ಪ್ರತಿ ಸಲ ತೆಗೆದಾಗಲೂ ಅಂಚಿನಲ್ಲಿ ಕೂತ ಬೀಡು ನೆಲಕ್ಕೆ ಸುರಿಯುತ್ತದೆ, ಅದರ ಮೇಲೆ ಕಾಲಿಟ್ಟರೆ ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ಪಕ್ಕದ ಬಾಗಿಲಿನದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸೀಲಿನ ಫೋಮ್ ಎರಡೇ ವಾರಕ್ಕೆ ಕಿತ್ತು ಬಂತು, ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಅಂಟಿಸಿದೆ. ಗಾಜಿನ ಒಳಬದಿಗೆ ಪಾರದರ್ಶಕ ಫಿಲ್ಮ್ ಅಂಟಿಸದೇ ಶುರು ಮಾಡಬೇಡಿ, ಇಲ್ಲದಿದ್ದರೆ ಗಾಜು ಬಾತ್‌ರೂಮಿನ ಕಿಟಕಿಯಾಗುತ್ತದೆ. ಧೂಳು ಎಳೆಯಲು ವ್ಯಾಕ್ಯೂಮ್ ಬೇಕೇ ಬೇಕು, ಇಲ್ಲದಿದ್ದರೆ ಒಳಗೆ ಏನೂ ಕಾಣುವುದಿಲ್ಲ. ಮತ್ತೆ ಅರ್ಥಿಂಗ್! ಮೊದಲ ದಿನ ಮೊಣಕೈಗೆ ಸ್ಟ್ಯಾಟಿಕ್ ಕರೆಂಟು ಚುರ್ ಅಂತ ಹೊಡೆದ ಮೇಲೆ ಡಬ್ಬಕ್ಕೆ ಒಂದು ಅರ್ಥ್ ವೈರ್ ಎಳೆದೆ.

ಮರಳು ಹಾಕಬೇಡಿ. "ಸ್ಯಾಂಡ್" ಬ್ಲಾಸ್ಟಿಂಗ್ ಅನ್ನುವುದು ಬರೀ ರೂಢಿಯ ಹೆಸರು. ಮರಳು ಒಡೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಅನ್ನುವ ಈ ಕಾಯಿಲೆ 1930ರ ದಶಕದಲ್ಲೇ ಪತ್ತೆಯಾಗಿತ್ತು, ಬ್ರಿಟನ್ನಿನಲ್ಲಿ ಎರಕದ ಸಾಮಾನುಗಳ ಬ್ಲಾಸ್ಟಿಂಗಿಗೆ ಮರಳನ್ನು 1949ರಲ್ಲೇ ನಿಷೇಧಿಸಿದರು. ಪುಕ್ಕಟೆ ಸಿಗುತ್ತದೆ ಅಂತ ತುಂಬಬೇಡಿ. ಕಬ್ಬಿಣದ ತುಕ್ಕಿಗೆ 80 ಗ್ರಿಟ್ (ಕಾಳಿನ ಗಾತ್ರದ ನಂಬರ್) ಅಲ್ಯುಮಿನಿಯಂ ಆಕ್ಸೈಡ್, ಅಲ್ಯುಮಿನಿಯಂ ಭಾಗಗಳಿಗೆ 40–50 ಪಿಎಸ್‌ಐನಲ್ಲಿ ಗ್ಲಾಸ್ ಬೀಡ್. ಬೀಡ್ ಬಳಸುವಾಗಲೂ ಮಾಸ್ಕ್ ಹಾಕಿಕೊಳ್ಳಿ.

ರಿಸಲ್ಟ್ ಮಾತ್ರ ಕಣ್ಣಿಗೆ ಹಬ್ಬ. ಹಿಂದಿನ ಚಕ್ರದ ನಡುವಿನ ಹಬ್ ಅನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬೇರಿಂಗ್ ಕೂರುವ ಜಾಗಕ್ಕೆ ಟೇಪ್ ಸುತ್ತಿ ಒಳಗಿಟ್ಟೆ. ನಲವತ್ತು ವರ್ಷದ ಕಪ್ಪು ಪದರ ಗನ್ ಹೋದಲ್ಲೆಲ್ಲ ಸರಿದು ಬೂದುಬಿಳಿ ಬಣ್ಣ ಕಾಣುತ್ತಾ ಹೋಯಿತು. ಒಳಗೆ ಎರಕದ ನಂಬರ್ ಕೂಡ ಕಂಡಿತು. ಗ್ರೀಸ್ ಮೊದಲೇ ತೊಳೆಯದಿದ್ದರೆ ಇಡೀ ಬೀಡು ಜಿಡ್ಡಾಗುತ್ತದೆ, ನೆನಪಿರಲಿ. ಕಬ್ಬಿಣದ್ದಾದರೆ ಅದೇ ದಿನ ಪ್ರೈಮರ್ ಹೊಡೆಯಿರಿ, ಇಲ್ಲಾಂದ್ರೆ ಬೆಳಗ್ಗೆ ಹೊಸ ತುಕ್ಕು.

ಎಡವಟ್ಟೂ ಆಗಿದೆ. ಟೂಲ್‌ಬಾಕ್ಸ್ ಮುಚ್ಚಳವನ್ನು ಹತ್ತಿರ ಹಿಡಿದು ಒಂದೇ ಕಡೆ ಹೊಡೆದೆ, ತೆಳು ತಗಡು ದೋಣಿಯ ಹಾಗೆ ಬಾಗಿತು. ಪ್ರತಿ ಕಾಳೂ ಒಂದೊಂದು ಸಣ್ಣ ಸುತ್ತಿಗೆ, ಹೊಡೆತ ಬಿದ್ದ ಮೈ ಹಿಗ್ಗುತ್ತದೆ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ಹಾಕಲು ನನಗಿನ್ನೂ ಧೈರ್ಯ ಬಂದಿಲ್ಲ, ಸಂದಿಯಲ್ಲಿ ನಾಲ್ಕು ಬೀಡು ಉಳಿದರೂ ಬೇರಿಂಗ್ ಕಥೆ ಮುಗಿಯಿತು.

ಚಾಸಿ ಇದರಲ್ಲಿ ಹಿಡಿಸುವುದೇ ಇಲ್ಲ, ಅದನ್ನು ಪೌಡರ್ ಕೋಟಿಂಗ್ ಮಾಡುವವರಿಗೆ ಕೊಟ್ಟೆ. ಒಂದೇ ಗಾಡಿ ಮಾಡಿ ನಿಲ್ಲಿಸುವವರು ಉಳಿದದ್ದನ್ನೂ ಅಲ್ಲಿಗೇ ಕೊಡುವುದು ಲಾಭ. ನನಗೆ ಇನ್ನೂ ಎರಡು ಗಾಡಿ ಕಾಯುತ್ತಿವೆ, ಹಾಗಾಗಿ ಬೇಜಾರಿಲ್ಲ. ಐದಕ್ಕೆ ಮೂರೂವರೆ.

ಮೊನ್ನೆ ಪಕ್ಕದ ಮನೆ ಆಂಟಿ ಹಿತ್ತಾಳೆ ದೀಪ ತಂದು "ಇದನ್ನೂ ಅದರೊಳಗೆ ಹಾಕಪ್ಪ" ಅಂದರು. ಹಾಕಿದರೆ ಹೊಳಪು ಹೋಗಿ ಮಂಕಾಗುತ್ತದೆ ಆಂಟಿ, ಹುಣಸೆಹಣ್ಣೇ ಸರಿ ಅಂತ ವಾಪಸ್ ಕೊಟ್ಟೆ.