ದೊರ್ದೋನ್ ಪ್ರವಾಸ: ಸಾರ್ಲಾನೋ, ಪೆರಿಗ್ಯೋನೋ?

ನೈಋತ್ಯ ಫ್ರಾನ್ಸಿನ ದೊರ್ದೋನ್‌ನಲ್ಲಿ ಎಲ್ಲಿ ಉಳಿಯಬೇಕು ಅನ್ನೋದು ಕಾರಿನ ಮೇಲೆ ನಿಂತಿದೆ. ಬಾಡಿಗೆಗೆ ಕಾರು ತಗೊಳ್ಳೋದಾದರೆ ಸಾರ್ಲಾ. ಜೇನುಬಣ್ಣದ ಕಲ್ಲಿನ ಮನೆಗಳು, ಬುಧವಾರ, ಶನಿವಾರ ಸಂತೆ. ಅಲ್ಲಿ ಅಕ್ರೋಟು, ಮೇಕೆ ಹಾಲಿನ ಚೀಸು, ಎಲ್ಲೆಲ್ಲೂ ಬಾತುಕೋಳಿ ಮಾಂಸ. ಸಸ್ಯಾಹಾರಿಗಳಿಗೆ ಚೀಸೇ ಗತಿ! ಬೋರ್ಡೋದಿಂದ ಬರುವ ರೈಲಿಗೆ ಇದೇ ಕೊನೆಯ ನಿಲ್ದಾಣ, ಮುಂದಕ್ಕೆ ಹಳಿಯಿಲ್ಲ. ಹಳೇ ಪೇಟೆಗೂ ಸೂಟ್‌ಕೇಸ್ ಎಳೆದುಕೊಂಡು ನಡೆಯಬೇಕು.

ಕಾರಿಲ್ಲವೇ? ಕಣ್ಣುಮುಚ್ಚಿ ಪೆರಿಗ್ಯೋ ಆರಿಸಿ. ಬೋರ್ಡೋ, ಲಿಮೋಜ್ ಎರಡೂ ಕಡೆಗೆ ರೈಲುಂಟು; ಆದಿಮಾನವರ ಗುಹೆಗಳಿರುವ ಲೆಜೇಜಿಗೂ ಉಂಟು. ಲಾಸ್ಕೋ ಗುಹಾಚಿತ್ರಗಳ ಪ್ರತಿಕೃತಿ ಇರುವ ಮೊಂತಿನ್ಯಾಕ್‌ಗೆ ಮಾತ್ರ ಇಲ್ಲ.

ಬೆರ್ಜೆರಾಕ್ ವಿಮಾನ ನಿಲ್ದಾಣ ಹತ್ತಿರವೇನೋ ನಿಜ, ಆದರೆ ಪುಟ್ಟದು. ಹೆಚ್ಚಾಗಿ ಬ್ರಿಟನ್ನಿನ ಅಗ್ಗದ ವಿಮಾನಗಳು, ಚಳಿಗಾಲದಲ್ಲಿ ಅವೂ ಕಡಿಮೆ. ಪ್ಯಾರಿಸ್‌ಗೆ ಬಂದಿಳಿದವರು ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಟಿಜಿವಿ (ಫ್ರಾನ್ಸಿನ ಅತಿವೇಗದ ರೈಲು) ಹತ್ತಿದರೆ ಬೋರ್ಡೋಗೆ 2 ಗಂಟೆ ಚಿಲ್ಲರೆ.