52 ಮಿ.ಮೀ. ವೋಲ್ಟ್ ಮೀಟರ್ ಸೆಟ್: ಮೀಟರ್ ಇಟ್ಟುಕೊಳ್ಳಿ, ಸ್ಕ್ರೂ ಬಿಸಾಕಿ

ಹಳೇ ಕಾರಿನ ಬ್ಯಾಟರಿ ವೋಲ್ಟೇಜ್ ತೋರಿಸಲು ಹಾಕುವ, ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುವ, ಕಂಪನಿ ಹೆಸರಿಲ್ಲದ ಸೆಟ್ ಇದು. ಡಬ್ಬಿಯಲ್ಲಿ ಮೀಟರ್, ಡ್ಯಾಶ್‌ಬೋರ್ಡ್ ಕೆಳಗೆ ನೇತುಹಾಕುವ ಬ್ರಾಕೆಟ್, ಎರಡು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಗಡಿನಲ್ಲಿ ತಾನೇ ಥ್ರೆಡ್ ಕೊರೆದುಕೊಳ್ಳುವಂಥದ್ದು), ಬ್ರಾಕೆಟ್ ಅಡಿಗೆ ಇಡಲು ಒಂದು ತುಂಡು ಕಪ್ಪು ರಬ್ಬರ್.

ಮೀಟರ್ ಬಗ್ಗೆ ದೂರಿಲ್ಲ. ಮಲ್ಟಿಮೀಟರ್ ಜೊತೆ ಹಿಡಿದು ನೋಡಿದರೆ ಮುಳ್ಳು ಹತ್ತಿರದಲ್ಲೇ ನಿಲ್ಲುತ್ತದೆ. ಇಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಚಾರ್ಜ್ ಆಗುವಾಗ 13.8ರಿಂದ 14.4. ಡೈನಮೋ (ಹಳೇ ಬಗೆಯ ಚಾರ್ಜಿಂಗ್ ಯಂತ್ರ, ಇಂಜಿನ್ ನಿಧಾನವಿದ್ದಾಗ ಕರೆಂಟ್ ಸಾಲದು) ಇರುವ ಗಾಡಿ ಮಳೆಗಾಲದ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಹೆಡ್‌ಲೈಟ್, ವೈಪರ್ ಹಾಕಿಕೊಂಡು ನಿಂತಿದ್ದರೆ ಮುಳ್ಳು 12ರ ಕೆಳಗೆ ಜಾರುವುದು ಇದರಲ್ಲಿ ಕಾಣುತ್ತದೆ. ಡ್ಯಾಶ್‌ನಲ್ಲಿರುವ ಚಾರ್ಜಿಂಗ್‌ನ ಬರೀ ಕೆಂಪು ದೀಪ ಅಷ್ಟು ಹೇಳುವುದಿಲ್ಲ.

ತೊಂದರೆಯೆಲ್ಲ ಕೂರಿಸುವುದರಲ್ಲಿ. ಪದ್ಮಿನಿ, ಮೋರಿಸ್ ಮೈನರ್‌ನಂಥ ಗಾಡಿಗಳ ತಗಡಿನ ಡ್ಯಾಶ್‌ಗೆ ಆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದರೆ ತೂತಿನ ಸುತ್ತ ಪೇಂಟ್ ಚಕ್ಕೆ ಏಳುತ್ತದೆ, ಬರಿ ತಗಡಿನ ಅಂಚಿಗೆ ತುಕ್ಕು ಹಿಡಿಯುತ್ತದೆ. ರಬ್ಬರ್ ಇನ್ನೂ ಕಳ್ಳ: ಕೆನೆ ಬಣ್ಣದ ಪೇಂಟ್ ಮೇಲೆ ಕೆಲವು ತಿಂಗಳಲ್ಲಿ ಕಂದು ಕಲೆ ಬಿಡುತ್ತದೆ, ಪಾಲಿಶ್‌ಗೂ ಹೋಗುವುದಿಲ್ಲ. ಡಬಲ್ ಸೈಡ್ ಫೋಮ್ ಟೇಪ್ ಸಾಕು ಅನ್ನುವವರಿಗೂ ಒಂದು ಮಾತು: ರೀಪೇಂಟ್ ಆದ ಗಾಡಿಯಲ್ಲಿ ಅದನ್ನು ಕಿತ್ತರೆ ಪೇಂಟೇ ಟೇಪಿನ ಜೊತೆ ಬರಬಹುದು. ಈಗಾಗಲೇ ಅಂಟಿಸಿದ್ದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರದಿಂದ ಗರಗಸದಂತೆ ಕೊಯ್ಯಿರಿ.

ಸರಿಯಾದ ದಾರಿ ಹೀಗೆ. ಡ್ಯಾಶ್‌ನ ಕೆಳಅಂಚಿಗೆ ಮೊದಲೇ ಸ್ಕ್ರೂ ಇದ್ದರೆ ಅದರ ತೂತನ್ನೇ ಬಳಸಿ. ಅದೇ ಥ್ರೆಡ್‌ನ, ಹಳೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಸ್ಕ್ರೂ ಹುಡುಕಿ. ಇಲ್ಲದಿದ್ದರೆ ಅಂಚನ್ನು ಎರಡು ಪಟ್ಟಿಗಳ ನಡುವೆ ಕಚ್ಚಿಸಿ, ಡ್ಯಾಶ್‌ಗೆ ತೂತು ಕೊರೆಯದೆ ಅಂಚಿನಿಂದ ಆಚೆ M4 (4 ಮಿ.ಮೀ.) ಬೋಲ್ಟ್, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ಅದುರಿದರೂ ಸಡಿಲವಾಗದ ನಟ್ಟು) ಹಾಕಿ. ಮೊದಲು ಆ ಜಾಗ ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗಾಡಿ ಅದುರಿ ಅದುರಿ ಪೇಂಟ್ ಅರೆಯುತ್ತದೆ. ಆಮೇಲೆ ಪಾರದರ್ಶಕ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅದರ ಮೇಲೆ 2 ಮಿ.ಮೀ. ದಪ್ಪದ ಫೆಲ್ಟ್ (ಒತ್ತಿ ಮಾಡಿದ ಮೆತ್ತನೆ ಬಟ್ಟೆ), ಆಮೇಲೆ ಬ್ರಾಕೆಟ್. ಬ್ರಾಕೆಟ್‌ನ ಅಂಚು ಬೆರಳು ಕೊಯ್ಯುವಷ್ಟು ಹರಿತ, ಅರದಿಂದ ತಿಕ್ಕಿ. ಕೆಲಸ ಮಾಡುವಾಗ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಆದರೆ ಮುಗಿದ ಕೂಡಲೇ ತೆಗೆಯಿರಿ. ಬಿಸಿಲಲ್ಲಿ ಬಿಟ್ಟರೆ ಅಂಟು ಉಳಿಯುತ್ತದೆ. ಫೆಲ್ಟ್ ಒತ್ತಿ ಅರ್ಧವಾದರೆ ಸಾಕು, ನಟ್ಟು ಇನ್ನೂ ತಿರುಗಿಸಬೇಡಿ.

ವೈರಿಂಗ್ ಸುಲಭ. ಮುಟ್ಟುವ ಮುಂಚೆ ಬ್ಯಾಟರಿಯ ಅರ್ಥ್ ಕಡೆಯ, ಅಂದರೆ ಗಾಡಿಯ ಬಾಡಿಗೆ ಹೋಗುವ ವೈರ್ ಬಿಚ್ಚಿ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ 3 ಆಂಪಿಯರ್ ಫ್ಯೂಸ್ ಮೂಲಕ ಮೀಟರ್‌ಗೆ ಒಂದು ವೈರ್, ಮೀಟರ್‌ನಿಂದ ಗಾಡಿಯ ಬಾಡಿಗೆ ಇನ್ನೊಂದು. ನೇರ ಬ್ಯಾಟರಿಗೆ ಕೊಟ್ಟರೆ ನಿಂತ ಗಾಡಿಯಲ್ಲೂ ಮೀಟರ್ ಕರೆಂಟ್ ಎಳೆಯುತ್ತಿರುತ್ತದೆ. ಅರ್ಥ್‌ಗೆ ಪೇಂಟ್ ಕೆರೆಯಬೇಡಿ, ಮೊದಲೇ ಇರುವ ಅರ್ಥ್ ಬೋಲ್ಟ್ ಹಿಡಿಯಿರಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರಬಹುದು, ಅಂದರೆ ಬಾಡಿಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ಕಡೆ. ಮುಳ್ಳು ಹಿಂದಕ್ಕೆ ಒತ್ತಿಕೊಂಡರೆ ಮೀಟರ್ ಹಿಂದಿನ ಎರಡು ವೈರ್ ಅದಲು ಬದಲು ಮಾಡಿ. ಮೀಟರ್‌ನ ಮಾಮೂಲಿ ಬಲ್ಬಿಗೆ ಅದರಿಂದ ವ್ಯತ್ಯಾಸವಿಲ್ಲ, ಎಲ್‌ಇಡಿ ಹಾಕಿದ್ದರೆ ಅದನ್ನೂ ತಿರುಗಿಸಬೇಕು.