ಟ್ರೈಪಾಡ್ ಕ್ಲ್ಯಾಂಪನ್ನು ನಂಬಿ ರೈಫಲ್ಲಿನಿಂದ ಕೈ ತೆಗೆಯಬೇಡಿ

ಕ್ಯಾಮೆರಾ ಟ್ರೈಪಾಡಿನ ಮೇಲೆ ರೈಫಲ್ ಕೂರಿಸಬಹುದು ಎಂದು ಹೇಳಿ ಆನ್‌ಲೈನ್‌ನಲ್ಲಿ ಮಾರುತ್ತಿರುವ ಅಗ್ಗದ ಕ್ಲ್ಯಾಂಪುಗಳನ್ನು ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ, ಗುಂಡು ತುಂಬಿದ ರೈಫಲ್ಲನ್ನು ಅದರ ಮೇಲೆ ಬಿಟ್ಟು ಎಂದಿಗೂ ಕೈ ತೆಗೆಯಬೇಡಿ. ನಮ್ಮ ಭಾವನವರ ರೈಫಲ್ ಅಂಥದ್ದೊಂದು ಕ್ಲ್ಯಾಂಪಿನಿಂದ ಕಳಚಿಕೊಂಡಾಗ ಅದರ ನಳಿಗೆ ಪಕ್ಕದಲ್ಲಿದ್ದ ಜನರತ್ತ ತಿರುಗಿತ್ತು, ಒಳಗೆ ಜೀವಂತ ಗುಂಡು ಇತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎಂಬುದನ್ನು ಕಣ್ಣಾರೆ ಕಂಡವನಾಗಿ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮದು ಸಕಲೇಶಪುರದ ಕಡೆ. ಅಕ್ಕನನ್ನು ಕೊಟ್ಟಿರುವುದು ಮೂಡಿಗೆರೆ ತಾಲ್ಲೂಕಿಗೆ. ಎರಡೂ ಕಡೆ ಕಾಫಿ ತೋಟದ ಮನೆಗಳಲ್ಲಿ ಪರವಾನಗಿ ಇರುವ ಕೋವಿ ಹೊಸದೇನಲ್ಲ. ಹೆಚ್ಚಿನವರಲ್ಲಿ ಇರುವುದು ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಆದ ತೋಟಾ ಕೋವಿ. ಭಾವನವರಲ್ಲಿ ಮಾತ್ರ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .315 ಬೋರಿನ ರೈಫಲ್ ಇದೆ. ಅವರ ತಂದೆಯ ಕಾಲದಲ್ಲಿ ಮನೆಗೆ ಬಂದದ್ದು, ಆಮೇಲೆ ಪರವಾನಗಿ ಇವರ ಹೆಸರಿಗಾಯಿತು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು, ಆಯುಧಪೂಜೆಗೆ ಒರೆಸಿ ಹೂವಿಡುವುದು, ಅವಕಾಶ ಸಿಕ್ಕಾಗ ಫೈರಿಂಗ್ ರೇಂಜಿನಲ್ಲಿ ಗುರಿ ಅಭ್ಯಾಸ ಮಾಡುವುದು, ಇಷ್ಟೇ ಅದರ ಬಳಕೆ. ಗುರಿ ಅಭ್ಯಾಸದ ಮೇಲೆ ಅವರಿಗಿರುವ ಪ್ರೀತಿ ದೊಡ್ಡದು.

ಅವರ ಮೊಣಕಾಲು ಸವೆದಿದೆ. ನೆಲದ ಮೇಲೆ ಬೋರಲು ಮಲಗಿ ಹೊಡೆಯುವುದು ಎಲ್ಲಕ್ಕಿಂತ ಸ್ಥಿರವಾದ ಭಂಗಿ, ಆದರೆ ಮಲಗಿದರೆ ಏಳಲು ಇಬ್ಬರು ಬೇಕು. ನಿಂತು ಹೊಡೆದರೆ ಉಸಿರಾಟಕ್ಕೆ, ನಾಡಿಮಿಡಿತಕ್ಕೆ ನಳಿಗೆಯ ತುದಿ ತೂಗಾಡುತ್ತದೆ. ಸ್ಟೂಲಿನ ಮೇಲೆ ಕುಳಿತು, ಎದೆಮಟ್ಟಕ್ಕೆ ರೈಫಲ್ಲಿಗೊಂದು ಆಸರೆ ಇದ್ದರೆ ಸಾಕು ಎಂಬುದು ಅವರ ಆಸೆ. ಅದರಲ್ಲಿ ತಪ್ಪೇನೂ ಇಲ್ಲ. ಮಗನ ಮೊಬೈಲಿನಲ್ಲಿ ನೋಡಿದ ವಿದೇಶಿ ವಿಡಿಯೊಗಳಲ್ಲಿ ಟ್ರೈಪಾಡಿನ ಮೇಲೆ ರೈಫಲ್ ಬಂಡೆಯಂತೆ ನಿಂತಿತ್ತು. ಹೊಡೆಯುವವನು ಎರಡೂ ಕೈ ಬಿಟ್ಟು ದುರ್ಬೀನು ಎತ್ತಿಕೊಳ್ಳುತ್ತಿದ್ದ.

ಆ ವಿಡಿಯೊಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಟೆಗೆ ಕಾನೂನಿನ ಅನುಮತಿ ಇರುವ ನಾಡುಗಳಲ್ಲಿ, ಅಮೆರಿಕದ ಇಳಿಜಾರು ಬಯಲುಗಳಲ್ಲಿ, ದಕ್ಷಿಣ ಆಫ್ರಿಕಾದ ಎದೆಯೆತ್ತರದ ಹುಲ್ಲಿನಲ್ಲಿ, ಮಲಗಿದರೆ ಮುಂದಿನದೇನೂ ಕಾಣುವುದಿಲ್ಲ. ಅದಕ್ಕಾಗಿ ಅಲ್ಲಿ ಕೋಲು, ಟ್ರೈಪಾಡುಗಳ ಪದ್ಧತಿ ಬೆಳೆಯಿತು. ಅಲ್ಲಿನ ಸ್ಪರ್ಧೆಗಳಲ್ಲಿ ಬಳಸುವ ರೈಫಲ್ಲುಗಳ ತಳದಲ್ಲಿ ‘ಆರ್ಕಾ’ ಎಂದು ಕರೆಯುವ ಲೋಹದ ಪಟ್ಟಿಯನ್ನು ತಿರುಪು ಹಾಕಿ ಬಿಗಿದಿರುತ್ತಾರೆ. ಅದರ ಅಂಚು ಓರೆಯಾಗಿದ್ದು, ಟ್ರೈಪಾಡಿನ ತಲೆಯ ಸಂದಿನೊಳಗೆ ಜಾರಿ ಕೂತು ಬೀಗ ಹಾಕಿದಂತಾಗುತ್ತದೆ. ಲೋಹಕ್ಕೆ ಲೋಹ ಕಚ್ಚುತ್ತದೆ. ನಮ್ಮ .315ರಲ್ಲಿ ಅಂಥ ಪಟ್ಟಿ ಇಲ್ಲ. ಇರುವುದು ದುಂಡನೆಯ, ಎಣ್ಣೆ ಕುಡಿದ ಮರ, ಬೆಲ್ಟು ಸಿಕ್ಕಿಸುವ ಎರಡು ಕೊಂಡಿ. ಆ ಮರವನ್ನೇ ಎರಡು ದವಡೆಗಳ ನಡುವೆ ಅಮುಕಿ ಹಿಡಿಯುವುದು ಈ ಅಗ್ಗದ ಕ್ಲ್ಯಾಂಪುಗಳ ಕೆಲಸ. ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಹಿಡಿತದಲ್ಲಿ ಅಜಗಜಾಂತರ.

ಘಟನೆ ನಡೆದದ್ದು ಅನುಮತಿ ಇರುವ ಫೈರಿಂಗ್ ರೇಂಜಿನಲ್ಲಿ, ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ. ಭಾವನವರ ಹಿಂದೆ ನಿಂತು ದುರ್ಬೀನಿನಲ್ಲಿ ಗುರಿಹಲಗೆ ನೋಡುತ್ತಾ ಗುಂಡು ಬಿದ್ದ ಜಾಗ ಹೇಳುವುದು ನನ್ನ ಕೆಲಸವಾಗಿತ್ತು. ಮೊದಲ ಸುತ್ತಿನ ಗುಂಡುಗಳು ಒಂದು ಅಂಗೈಯಗಲದಲ್ಲಿ ಬಿದ್ದವು. ಭಾವನವರ ಮುಖ ಅರಳಿತ್ತು. ಆಮೇಲೆ ರೈಫಲ್ ಕ್ಲ್ಯಾಂಪಿನೊಳಗೆ ಹಿಂದಕ್ಕೆ ಜರುಗುತ್ತಿದೆ ಎಂದು ಅದರ ಗುಂಡಿಯನ್ನು ಇನ್ನಷ್ಟು ತಿರುಗಿಸಿ ಬಿಗಿದರು. ಅಲ್ಲಿಂದ ಗುಂಡುಗಳು ಜಾಗ ಬದಲಿಸತೊಡಗಿದವು. ಬಿಗಿದಷ್ಟೂ ದೂರ ಸರಿದವು.

ಇದಕ್ಕೆ ಕಾರಣ ಇದೆ, ಹಳೆಯ ರೈಫಲ್ ಇಟ್ಟುಕೊಂಡವರೆಲ್ಲ ತಿಳಿದಿರಬೇಕು. ಈ ಮಾದರಿಯಲ್ಲಿ ಮುಂಭಾಗದ ಮರ ನಳಿಗೆಗೆ ಅಲ್ಲಲ್ಲಿ ತಾಗಿಕೊಂಡೇ ಇರುತ್ತದೆ. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ. ಆ ಕಂಪನ ಪ್ರತಿ ಸಲವೂ ಒಂದೇ ಬಗೆಯಲ್ಲಿ ಆದರೆ ಗುಂಡೂ ಒಂದೇ ಜಾಗಕ್ಕೆ ಬೀಳುತ್ತದೆ. ಮರವನ್ನು ಹೊರಗಿನಿಂದ ಅಮುಕಿದರೆ ಅದು ನಳಿಗೆಯನ್ನು ಒತ್ತುವ ರೀತಿ ಬದಲಾಗುತ್ತದೆ, ಗುರಿಯೂ ಬದಲಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಊದಿಕೊಂಡರೂ ಇದೇ ಕಥೆ. ಅಂದರೆ ಸಡಿಲ ಬಿಟ್ಟರೆ ರೈಫಲ್ ಜಾರುತ್ತದೆ, ಬಿಗಿದರೆ ಗುರಿ ತಪ್ಪುತ್ತದೆ. ಈ ಸಾಧನ ಯಾವ ಕೆಲಸಕ್ಕೆ ಎಂದು ಮಾರಾಟವಾಗಿತ್ತೋ ಆ ಕೆಲಸಕ್ಕೇ ನಾಲಾಯಕ್ಕಾಗಿತ್ತು. ಬಿದ್ದು ಹೋಗುವುದು ಇನ್ನೂ ಬಾಕಿ ಇತ್ತು.

.315ರ ಬೋಲ್ಟ್, ಅಂದರೆ ಗುಂಡನ್ನು ನಳಿಗೆಯೊಳಕ್ಕೆ ನೂಕಿ ಹಿಂಬದಿ ಮುಚ್ಚುವ ಭಾಗ, ಹಳೆಯ ಬ್ರಿಟಿಷ್ ಸೇನೆಯ ರೈಫಲ್ಲಾದ ಲೀ-ಎನ್‌ಫೀಲ್ಡ್ ಮಾದರಿಯದು. ಜರ್ಮನಿಯ ಮೌಸರ್ 98ರಂಥ ರೈಫಲ್ಲುಗಳಲ್ಲಿ ಬೋಲ್ಟಿನ ಹಿಡಿ ಮೇಲೆತ್ತುವಾಗಲೇ, ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಬಿಗಿಯುತ್ತದೆ. ಲೀ-ಎನ್‌ಫೀಲ್ಡಿನಲ್ಲಿ ಅದು ಬಿಗಿಯುವುದು ಬೋಲ್ಟನ್ನು ಮುಂದಕ್ಕೆ ದೂಡಿ ಮುಚ್ಚುವಾಗ. ಹಾಗಾಗಿ ಕೊನೆಯ ಒಂದಂಗುಲಕ್ಕೆ ಅಂಗೈಯಿಂದ ಬಲವಾಗಿ ನೂಕಬೇಕಾಗುತ್ತದೆ. ಬಟ್ಟು (ರೈಫಲ್ಲಿನ ಹಿಂತುದಿ) ಹೆಗಲಲ್ಲಿದ್ದು ಎಡಗೈ ಮರವನ್ನು ಹಿಡಿದಿದ್ದರೆ ಆ ಬಲವನ್ನು ನಮ್ಮ ಮೈ ತಾಳಿಕೊಳ್ಳುತ್ತದೆ. ಕ್ಲ್ಯಾಂಪಿಗೆ ಕಚ್ಚಿಸಿದ ರೈಫಲ್ಲಿನಲ್ಲಿ ಅದೆಲ್ಲ ಕ್ಲ್ಯಾಂಪಿನ ಒಂದು ತಿರುಪಿನ ಮೇಲೆ ಬೀಳುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಒದೆತ, ಬೋಲ್ಟ್ ಮುಚ್ಚುವಾಗ ಮುಂದಕ್ಕೆ ನೂಕು, ಹಿಡಿ ತಿರುಗಿಸುವಾಗ ಪಕ್ಕಕ್ಕೆ ತಿರುಚು. ಕ್ಯಾಮೆರಾ ಇಂಥದ್ದನ್ನು ಯಾವತ್ತೂ ಮಾಡುವುದಿಲ್ಲ.

ಭಾವನವರು ಹೊಸ ಗುಂಡು ಏರಿಸಲು ಬೋಲ್ಟನ್ನು ಮುಂದಕ್ಕೆ ನೂಕಿದರು. ‘ಟಕ್’ ಎಂದು ಸದ್ದಾಯಿತು, ಕ್ಲ್ಯಾಂಪಿನ ತಿರುಪು ಕಿತ್ತು ಬಂತು. ಬಟ್ಟು ಹೆಗಲಿನಿಂದ ಜಾರಿತು, ರೈಫಲ್ ಬಲಕ್ಕೆ ಹೊರಳಿತು. ಬಲಗಡೆ ತಮ್ಮ ಸರದಿಗಾಗಿ ಕಾಯುತ್ತಾ ಕುಳಿತವರ ಸಾಲಿತ್ತು, ಅವರಲ್ಲಿ ಕಾಲೇಜಿನ ಹುಡುಗಿಯರೂ ಇದ್ದರು. ಮೇಲ್ವಿಚಾರಣೆಯ ಸಿಬ್ಬಂದಿ ಮಲಗಿ ಎಂದು ಕೂಗಿದರು. ರೈಫಲ್ ಸಿಮೆಂಟು ನೆಲಕ್ಕೆ ಅಪ್ಪಳಿಸಿತು. ಗುಂಡು ಹಾರಲಿಲ್ಲ, ಏಕೆಂದರೆ ಬೋಲ್ಟಿನ ಹಿಡಿ ಇನ್ನೂ ಕೆಳಕ್ಕೆ ತಿರುಗಿರಲಿಲ್ಲ. ಅದೇ ತಿರುಪು ಒಂದು ಕ್ಷಣ ತಡವಾಗಿ ಕಿತ್ತುಬಂದಿದ್ದರೆ ರೈಫಲ್ ಹೊಡೆಯಲು ಪೂರ್ತಿ ಸಿದ್ಧವಾಗಿರುತ್ತಿತ್ತು.

ಬೀಳುತ್ತಿರುವ ಕೋವಿಯನ್ನು ಭಾವನವರು ಹಿಡಿಯಲು ಹೋಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಗಾಬರಿಯಲ್ಲಿ ಚಾಚಿದ ಕೈಬೆರಳು ನೇರ ಟ್ರಿಗರಿಗೆ ಸಿಕ್ಕಿಕೊಳ್ಳುವುದು ತೀರಾ ಸುಲಭ. ಮರ ಸೀಳಿದರೆ ಸೀಳಲಿ, ನಳಿಗೆಯ ತುದಿಯಲ್ಲಿ ಗುರಿ ನೋಡುವ ಗುರಿಗುಬ್ಬಿ ಬಾಗಿದರೆ ಬಾಗಲಿ. ಅವೆರಡೂ ಆದವು. ರಿಪೇರಿಗೆ ಊರಿನ ಬಡಗಿಯ ಹತ್ತಿರವೋ ಲೇತ್ ಅಂಗಡಿಗೋ ಒಯ್ಯುವಂತಿಲ್ಲ. ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೇ ಮಾಡಿಸಬೇಕು.

ಕ್ಲ್ಯಾಂಪನ್ನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆವು. ಉಕ್ಕಿನ ತಿರುಪಿನ ಸುರುಳಿ ಸಂದುಗಳಲ್ಲಿ ಅಲ್ಯೂಮಿನಿಯಂ ಎಳೆಗಳು ಸುತ್ತಿಕೊಂಡಿದ್ದವು. ಮೆತುವಾದ ಅಲ್ಯೂಮಿನಿಯಂ ಮೈಯಲ್ಲೇ ನೇರವಾಗಿ ಮರೆ (ತಿರುಪು ಕಚ್ಚುವ ಸುರುಳಿ ಗೆರೆ) ಕೊರೆದಿದ್ದರು, ಬಿಗಿಯುತ್ತಾ ಬಿಗಿಯುತ್ತಾ ಅದು ಸವೆದು ಕಿತ್ತಿತ್ತು. ದವಡೆಯ ರಬ್ಬರನ್ನು ಬರೀ ಅಂಟಿನಿಂದ ಅಂಟಿಸಿದ್ದರು. ಮರದ ಎಣ್ಣೆ, ಕೋವಿ ಒರೆಸುವ ಎಣ್ಣೆ ಸೇರಿ ಅಂಟು ಕರಗಿ ಒಂದು ಕಡೆಯ ರಬ್ಬರ್ ಮಡಚಿಕೊಂಡಿತ್ತು. ಪೆಟ್ಟಿಗೆಯ ಮೇಲೆ ಇಪ್ಪತ್ತು ಕೆಜಿ ತಾಳುತ್ತದೆ ಎಂದು ಬರೆದಿದೆ. ರೈಫಲ್ಲಿನ ತೂಕ ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಭಯವಿಲ್ಲ ಎಂದೇ ಯಾರಿಗಾದರೂ ಅನಿಸುತ್ತದೆ. ಆದರೆ ಇಂಥ ಅಂಕಿ ಅಲುಗಾಡದೆ ಮೇಲಿಟ್ಟ ಭಾರದ್ದು. ಒದೆತವನ್ನು, ಉದ್ದನೆಯ ನಳಿಗೆಯ ತಿರುಚು ಬಲವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನಗೆ ಸಿಟ್ಟು ಬಂದದ್ದು ಮಾರಿದವರ ಉತ್ತರಕ್ಕೆ. ಜಾಹೀರಾತಿನ ಚಿತ್ರದಲ್ಲಿ ಗುಡ್ಡದ ಮೇಲೆ ಕುಳಿತ ಶಿಕಾರಿಯೊಬ್ಬ ಇದೇ ಕ್ಲ್ಯಾಂಪಿನಲ್ಲಿ ರೈಫಲ್ ಇಟ್ಟುಕೊಂಡಿದ್ದಾನೆ. ಬಿಲ್ಲಿನಲ್ಲಿ ಮಾತ್ರ ‘ಕ್ಯಾಮೆರಾ ಪರಿಕರ’ ಎಂದಿದೆ. ದೂರು ಕೊಟ್ಟರೆ, ಆಯುಧಕ್ಕೆ ಬಳಸಿದ್ದರಿಂದ ಖಾತರಿ ಅನ್ವಯಿಸುವುದಿಲ್ಲ ಎಂದರು. ರೈಫಲ್ ತೋರಿಸಿ ಮಾರುವುದು, ಮುರಿದಾಗ ಕ್ಯಾಮೆರಾದ ಹೆಸರು ಹೇಳುವುದು ಶುದ್ಧ ಮೋಸ. ನಿಮಗೂ ಹೀಗಾದರೆ ಜಾಹೀರಾತಿನ ಪುಟವನ್ನು ಅವರು ಬದಲಿಸುವ ಮೊದಲೇ ಚಿತ್ರ ತೆಗೆದಿಟ್ಟುಕೊಳ್ಳಿ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಬಂದ 48 ಗಂಟೆಯೊಳಗೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ಅದು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನೂ ದೋಷವಿರುವ ವಸ್ತುವಿನಿಂದಾದ ಹಾನಿಯನ್ನೂ ಪ್ರಶ್ನಿಸಲು ಅವಕಾಶ ಕೊಡುತ್ತದೆ.

ಈ ಸುದ್ದಿ ಊರಲ್ಲಿ ಹರಡಿದ ಮೇಲೆ ಕೆಲವರು ಕೇಳಿದ್ದು ಬೇರೆಯೇ. ಗಟ್ಟಿಯಾದ ಕ್ಲ್ಯಾಂಪ್ ಎಲ್ಲಿ ಸಿಗುತ್ತದೆ, ಗದ್ದೆಗೆ ಬರುವ ಹಂದಿಗೆ ರಾತ್ರಿ ಜೀಪಿನ ಪಕ್ಕ ಟ್ರೈಪಾಡ್ ಹಾಕಿ ಕೂರಬಹುದಲ್ಲ ಎಂದು. ಬೆಳೆ ಕಳೆದುಕೊಂಡವರ ಸಂಕಟ ನನಗೂ ಗೊತ್ತು, ನಮ್ಮ ಗದ್ದೆಯೂ ಹಂದಿಗೆ ಹೊರತಲ್ಲ. ಆದರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ, ಆ ಕಾಯ್ದೆಯಲ್ಲಿ ಕೊಲ್ಲುವ ಪ್ರಯತ್ನವೂ ಬೇಟೆಯೇ. ಕೋವಿಯ ಪರವಾನಗಿಯಲ್ಲಿ ಬೆಳೆ ರಕ್ಷಣೆ ಎಂದು ಬರೆದಿದ್ದರೂ ಅದು ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. ಕಾನೂನು ಬದಿಗಿರಲಿ, ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಕಾಫಿ ಗಿಡಗಳ ಸಾಲಿನಾಚೆ ತೋಟದ ಕೆಲಸಗಾರರ ಲೈನ್ ಮನೆಗಳಿರುತ್ತವೆ, ಆನೆ ಬಂತೆಂದು ಟಾರ್ಚ್ ಹಿಡಿದು ಓಡಾಡುವವರಿರುತ್ತಾರೆ. ಶಿಕಾರಿಗೆ ಹೋದವರ ಗುಂಡಿಗೆ ಜೊತೆಗಾರನೇ ಬಲಿಯಾದ ಸುದ್ದಿಯನ್ನು ಮಲೆನಾಡಿನವರು ಓದದೆ ಇಲ್ಲ.

ರೇಂಜಿನಲ್ಲಿ ಆಸರೆ ಬೇಕಾದವರಿಗೆ ಬೇರೆ ದಾರಿ ಇದೆ. ಭಾವನವರು ಈಗ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಎಡಗೈ, ಕೈಯ ಮೇಲೆ ರೈಫಲ್ ಇಟ್ಟು ಹೊಡೆಯುತ್ತಾರೆ. ಗುಂಡುಗಳು ಮತ್ತೆ ಒಂದೇ ಜಾಗಕ್ಕೆ ಬೀಳುತ್ತಿವೆ. ಟ್ರೈಪಾಡೇ ಬೇಕೆಂದಿದ್ದರೆ ಅದರ ತಲೆಯ ಮೇಲೆ ಕವೆಯಂಥ ತೆರೆದ ಆಸರೆ ಹಾಕಿಸಿ. ಅದರಲ್ಲಿ ರೈಫಲ್ ಸುಮ್ಮನೆ ಕೂತಿರುತ್ತದೆ, ಕೈ ತೆಗೆದರೆ ಬೀಳುತ್ತದೆ ಎಂಬುದು ಕಣ್ಣಿಗೇ ಕಾಣುವುದರಿಂದ ಯಾರೂ ಕೈ ತೆಗೆಯುವುದಿಲ್ಲ. ಕ್ಲ್ಯಾಂಪಿನ ನಿಜವಾದ ಅಪಾಯ ಅದು ಹುಟ್ಟಿಸುವ ಆ ಸುಳ್ಳು ಧೈರ್ಯ. ಟ್ರೈಪಾಡಿನ ಒಂದು ಕಾಲು ಗುರಿಯ ಕಡೆಗೆ ಚಾಚಿರಲಿ, ಕಾಲುಗಳು ಅಗಲವಾಗಿರಲಿ, ನಡುವಿನ ಕಂಬವನ್ನು ಮೇಲೆತ್ತಬೇಡಿ, ಎತ್ತಿದಷ್ಟೂ ಅಲುಗಾಟ ಹೆಚ್ಚು. ಎತ್ತ ಬೇಕಾದರೂ ಹೊರಳುವ ಚೆಂಡಿನಾಕಾರದ ತಲೆಯಿರುವ ಟ್ರೈಪಾಡಾದರೆ ಇನ್ನೂ ಜೋಕೆ. ಅದರ ಗುಂಡಿ ಸಡಿಲಿಸಿದ ಕ್ಷಣ ಮೇಲಿನ ಭಾರವೆಲ್ಲ ಒಂದು ಪಕ್ಕಕ್ಕೆ ಧೊಪ್ಪನೆ ವಾಲುತ್ತದೆ. ಆದ್ದರಿಂದ ಟ್ರೈಪಾಡಿನ ಯಾವ ಗುಂಡಿ ಮುಟ್ಟುವ ಮೊದಲೂ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯೆಂದು ಬೆರಳು ಹಾಕಿ ನೋಡಿ.

ಮನೆಯಲ್ಲಿ ಈಗಾಗಲೇ ಕ್ಲ್ಯಾಂಪ್ ಇದ್ದರೆ ಇವತ್ತೇ ಅದರ ತಿರುಪನ್ನು ಪೂರ್ತಿ ಬಿಚ್ಚಿ. ತಿರುಪು ಕೂರುವ ತೂತಿನೊಳಗೆ ಟಾರ್ಚ್ ಬಿಡಿ. ಒಳಗೆ ಉಕ್ಕಿನ ಬುಷ್ (ತೂತಿನೊಳಗೆ ಕೂರಿಸುವ ಗಟ್ಟಿ ಕೊಳವೆ) ಕಾಣದೆ ಬರೀ ಬೆಳ್ಳನೆಯ ಅಲ್ಯೂಮಿನಿಯಂ ಮರೆ ಕಂಡರೆ, ಅದು ನಮ್ಮ ಭಾವನವರ ಕೈಯಲ್ಲಿ ಕಿತ್ತುಬಂದ ಬಗೆಯದೇ. ಅದನ್ನು ಕ್ಯಾಮೆರಾಕ್ಕೆ ಬಳಸಿಕೊಳ್ಳಿ, ರೈಫಲ್ಲಿಗೆ ಬೇಡ.